ಬೇಕಾಗುವ ಸಾಮಗ್ರಿಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮೈಕಿನ ಹಿಂದೆ ನಿಂತು ನನಗೆ ರೂಢಿ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಅದೇ ನನ್ನ ಕೆಲಸ. ಮೈಕಿನ ಮುಂದೆ ನಿಂತು ಮಾತನಾಡುತ್ತಿರುವುದು ಇದೇ ಮೊದಲು. ಕೈ ನಡುಗುತ್ತಿದೆ, ಕ್ಷಮಿಸಬೇಕು. ಸಮಿತಿಯವರು ಮನೆಗೆ ಬಂದು, "ನೀವು ಈ ಶಾಲೆಯ ಹಳೆಯ ವಿದ್ಯಾರ್ಥಿ, ಎರಡು ಮಾತು ಹೇಳಬೇಕು" ಅಂದರು. ನಾನು, "ಸರ್, ಇಲ್ಲಿ ಓದಿದವರಲ್ಲಿ ಡಾಕ್ಟರ್ ಆದವರಿದ್ದಾರೆ, ಇಂಜಿನಿಯರ್ ಆದವರಿದ್ದಾರೆ, ಮಿಲಿಟರಿಯಲ್ಲಿದ್ದವರಿದ್ದಾರೆ. ಮೈಕ್ ಸೆಟ್ಟಿನವನು ಏನು ಹೇಳಲಿ?" ಅಂದೆ. ಅದಕ್ಕೆ ಅವರು, "ನಿಮ್ಮ ಕೆಲಸದ ಬಗ್ಗೆಯೇ ಹೇಳಿ" ಅಂದರು. ಹಾಗಾಗಿ ನನಗೆ ಗೊತ್ತಿರುವ ಒಂದೇ ವಿಷಯ ಹೇಳುತ್ತೇನೆ. ಭಜನೆಗೆ, ತತ್ವಪದಕ್ಕೆ, ವಚನ ಗಾಯನಕ್ಕೆ ಹೊರಡುವಾಗ ಪೆಟ್ಟಿಗೆ ಹೇಗೆ ಕಟ್ಟಬೇಕು ಎನ್ನುವುದು ಆ ವಿಷಯ. ಇದರಲ್ಲಿ ಹೇಳುವಂಥದ್ದು ಏನಿದೆ ಎಂದು ಕೆಲವರಿಗೆ ಅನಿಸಬಹುದು. ನನಗೂ ಒಂದು ಕಾಲದಲ್ಲಿ ಹಾಗೆಯೇ ಅನಿಸಿತ್ತು. ಹಾಗೆ ಅಂದುಕೊಂಡದ್ದಕ್ಕೆ ನಾನು ಕೊಟ್ಟ ಬೆಲೆಯ ಕತೆಯೂ ಇದರಲ್ಲಿದೆ.

ನಾನು ಈ ಶಾಲೆಯಲ್ಲಿ ಓದುವಾಗ ನಮ್ಮದು ಬಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಇಳಕಲ್ಲಿನ ಎಷ್ಟೋ ಮನೆಗಳಂತೆ ನಮ್ಮ ಮನೆಯಲ್ಲೂ ಕುಣಿಮಗ್ಗ ಇತ್ತು. ಅಪ್ಪ ನೇಯುತ್ತಿದ್ದ, ಅವ್ವ ಕಂಡಿಕೆ ಸುತ್ತುತ್ತಿದ್ದಳು. ಬೆಳಿಗ್ಗೆ ಏಳುವ ಹೊತ್ತಿಗೆ ಲಾಳಿಯ ಸಪ್ಪಳ. ಆ ಸಪ್ಪಳದಲ್ಲಿ ತಾಳ ತಪ್ಪಿದರೆ ಎಳೆ ಹರಿದಿದೆ ಎಂದು ಒಳಮನೆಯಲ್ಲಿದ್ದ ಅವ್ವನಿಗೆ ಗೊತ್ತಾಗುತ್ತಿತ್ತು. ಕಿವಿಯಿಂದ ಕೆಲಸ ಹಿಡಿಯುವುದನ್ನು ನಾನು ಮೊದಲು ಕಲಿತದ್ದು ಅಲ್ಲಿ.

ಶಾಲೆಯಲ್ಲಿ ಆಗ ಮೈಕ್ ಇರಲಿಲ್ಲ. ಪ್ರಾರ್ಥನೆಗೆ ನಾಲ್ಕು ಹುಡುಗಿಯರು ಮುಂದೆ ನಿಂತು ಹಾಡಿದರೆ ನಾವು ಹಿಂದೆ ಹಾಡುತ್ತಿದ್ದೆವು. ಆಗಸ್ಟ್ 15ಕ್ಕೆ ಮತ್ತು ಜನವರಿ 26ಕ್ಕೆ ಮಾತ್ರ ಪೇಟೆಯಿಂದ ಬಾಡಿಗೆ ಮೈಕ್ ಬರುತ್ತಿತ್ತು. ಮರದ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್, ಬೇವಿನ ಮರಕ್ಕೆ ಕಟ್ಟಿದ ಎರಡು ಹಾರ್ನ್. ಮೈಕಿನವನು ಬೆರಳಿನಿಂದ ಮೈಕ್ ಬಡಿದು "ಹಲೋ, ಹಲೋ" ಅಂದರೆ ನಾನು ಧ್ವಜದ ಕಡೆ ನೋಡುವುದನ್ನು ಬಿಟ್ಟು ಅವನ ಕಡೆ ನೋಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಂಥದೇ ಒಂದು ಅಂಗಡಿಗೆ ಸೇರಿಕೊಂಡೆ. ಮೊದಲ ಎರಡು ವರ್ಷ ನನಗೆ ವೈರ್ ಸುತ್ತುವ ಕೆಲಸ ಮಾತ್ರ ಕೊಟ್ಟರು.

ನಮ್ಮ ಕಡೆ ಹಾಡಿಗೆ ಬರವಿಲ್ಲ. ಶ್ರಾವಣ ಬಂದರೆ ಊರೂರಿಗೆ ಭಜನೆ. ಏಕತಾರಿ ಹಿಡಿದು ತತ್ವಪದ ಹಾಡುವವರು, ದಪ್ಪು ತುಂತುಣಿಯ ಗೀಗೀ ಮೇಳದವರು, ಚೌಡಿಕೆಯವರು, ಶ್ರೀಕೃಷ್ಣ ಪಾರಿಜಾತದವರು, ಮದುವೆ ಮನೆಯಲ್ಲಿ ಸೋಬಾನೆ ಹೇಳುವ ತಾಯಂದಿರು, ಎಲ್ಲರೂ ಇದ್ದಾರೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಬೀಡು ಬಿಡುತ್ತವೆ. 'ರಕ್ತರಾತ್ರಿ' ಬರೆದ ಕಂದಗಲ್ಲ ಹನುಮಂತರಾಯರು ನಮ್ಮ ಹುನಗುಂದ ಸೀಮೆಯವರೇ. ಆ ಕಾಲದ ನಟರು ಮೈಕಿಲ್ಲದೆ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸುತ್ತಿದ್ದರು. ಅದಕ್ಕೆ ಎದೆ ಬೇಕಾಗಿತ್ತು, ಸುತ್ತಮುತ್ತ ನಿಶ್ಶಬ್ದವೂ ಬೇಕಾಗಿತ್ತು. ಈಗ ಎದೆ ಇದ್ದವರಿಗೂ ನಿಶ್ಶಬ್ದ ಸಿಗುವುದಿಲ್ಲ. ಒಂದು ಕಡೆ ಲಾರಿ, ಒಂದು ಕಡೆ ಜನರೇಟರ್. ಆದ್ದರಿಂದ ಏಕತಾರಿಯಂಥ ಸಣ್ಣ ದನಿಗೂ ಮೈಕ್ ಬೇಕಾಗಿದೆ.

ಇನ್ನು ಆ ರಾತ್ರಿಯ ಕತೆ ಹೇಳುತ್ತೇನೆ.

ನಮಗೆ ವಿಜ್ಞಾನ ಕಲಿಸಿದ ಗುರುಗಳೊಬ್ಬರಿದ್ದರು. ಅವರ ಹೆಸರು ಹೇಳಿದರೆ ನನ್ನ ಗಂಟಲು ಕಟ್ಟುತ್ತದೆ, ಆದ್ದರಿಂದ ಹೇಳುವುದಿಲ್ಲ. ಅವರ ಕೈಯಲ್ಲಿ ಕಲಿತವರಿಗೆ ಗೊತ್ತಾಗುತ್ತದೆ. ಹಗಲು ಬೆಳಕು, ಶಬ್ದ, ವಿದ್ಯುತ್ತಿನ ಪಾಠ. ಸಂಜೆ ಏಕತಾರಿ ಹಿಡಿದು ತತ್ವಪದ. ಒಮ್ಮೆ ಕ್ಲಾಸಿನಲ್ಲಿ ಕಿಟಕಿ ಮುಚ್ಚಿಸಿ ಮೇಣದಬತ್ತಿ ಹಚ್ಚಿ, ಅದರ ಮುಂದೆ ಬಿಳಿ ಹಾಳೆ ಹಿಡಿದು ಹಿಂದೆ ಹಿಂದೆ ಸರಿಯುತ್ತ, "ದೂರ ಎರಡು ಪಟ್ಟಾದ್ರ ಬೆಳಕು ಎಷ್ಟಾಗ್ತೈತ್ರೋ?" ಅಂತ ಕೇಳಿದ್ದರು. ನಾವೆಲ್ಲ "ಅರ್ಧ" ಅಂದೆವು. "ತಪ್ಪು. ಕಾಲುಭಾಗ. ದನಿಗೂ ಇದ ಲೆಕ್ಕ" ಅಂದರು. ಪ್ರಯೋಗದ ವಹಿಯಲ್ಲಿ ಉದ್ದೇಶ, ಬೇಕಾಗುವ ಸಾಮಗ್ರಿಗಳು, ವಿಧಾನ, ವೀಕ್ಷಣೆ, ನಿರ್ಣಯ ಎಂದು ಐದು ತಲೆಬರಹ ಬರೆಸುತ್ತಿದ್ದರು. ಸಾಮಗ್ರಿಗಳ ಪಟ್ಟಿ ಬರೆಯದೆ ಮೇಜಿನ ಹತ್ತಿರ ಬಂದವನನ್ನು ವಾಪಸ್ ಕಳಿಸುತ್ತಿದ್ದರು.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಶ್ರಾವಣ. ಗುರುಗಳು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು. ಕಾಯಿಲೆ ಬಿದ್ದು ಎದ್ದಿದ್ದರು, ದನಿ ಇಳಿದಿತ್ತು. ಹುನಗುಂದದ ಆಚೆ ಒಂದು ಊರಿನಲ್ಲಿ ಅವರ ಪದ ಇಟ್ಟಿದ್ದರು. ಅಷ್ಟರಲ್ಲಿ ನಾನು ಸ್ವಂತ ಸೆಟ್ ಮಾಡಿಕೊಂಡಿದ್ದೆ. "ಮೈಕ್ ನೀನ ತರಬೇಕು ತಮ್ಮಾ. ನನ್ನ ದನಿ ಈಗ ಮೂರು ಮಾರು ದಾಟಂಗಿಲ್ಲ" ಎಂದು ಹೇಳಿ ಕಳಿಸಿದ್ದರು. ನಾನು ಒಪ್ಪಿಕೊಂಡೆ. ಹಾಡೆಲ್ಲ ಮಿಕ್ಸರಿನಿಂದ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತೇನೆ ಎಂದೂ ಹೇಳಿದೆ.

ಅದೇ ದಿನ ಮಧ್ಯಾಹ್ನ ಇಳಕಲ್ಲಿನಲ್ಲೇ ಒಂದು ನಿಶ್ಚಯದ ಕಾರ್ಯಕ್ರಮ ಹಿಡಿದಿದ್ದೆ. ಅದು ಮುಗಿಯುವುದು ತಡವಾಯಿತು. ಅವಸರದಲ್ಲಿ ಸಾಮಾನು ಟಂಟಂಗೆ ತುಂಬಿದೆವು. ಹೊತ್ತು ಮುಳುಗುವಾಗ ಆ ಊರು ಮುಟ್ಟಿ, ಸ್ಪೀಕರ್ ನಿಲ್ಲಿಸಿ, ವೈರ್ ಎಳೆದು, ಮೈಕ್ ಇಟ್ಟು, ಕೊನೆಗೆ ಮಿಕ್ಸರ್ ತೆರೆದರೆ ಅದರ ಅಡಾಪ್ಟರ್ ಇಲ್ಲ. ಕೈಮುಷ್ಟಿಯಷ್ಟು ದೊಡ್ಡ ಕರಿಯ ಡಬ್ಬಿ. ಮಧ್ಯಾಹ್ನದ ಹಾಲಿನಲ್ಲಿ, ಗೋಡೆಯ ಸಾಕೆಟ್ಟಿನಲ್ಲೇ ಬಿಟ್ಟು ಬಂದಿದ್ದೆ. ಆ ಮಿಕ್ಸರಿಗೆ ಬೇರೆ ಅಡಾಪ್ಟರ್ ಹೊಂದುವುದಿಲ್ಲ. ನನ್ನ ಪವರ್ ಆಂಪ್ಲಿಫೈಯರಿಗೆ ನೇರವಾಗಿ ಮೈಕ್ ಚುಚ್ಚಲು ಬರುವುದಿಲ್ಲ. ಟಂಟಂ ತುಂಬ ಸಾಮಾನಿತ್ತು, ಎಲ್ಲವೂ ಕಲ್ಲಿನಂತೆ ಸುಮ್ಮನೆ ಕುಳಿತಿತ್ತು.

ಹುಡುಗನನ್ನು ಬೈಕಿನಲ್ಲಿ ಇಳಕಲ್ಲಿಗೆ ಓಡಿಸಿದೆ. ಗುರುಗಳ ಹತ್ತಿರ ಹೋಗಿ ತಲೆ ಬಗ್ಗಿಸಿ ನಿಂತೆ. ಅವರು ಬೈಯಲಿಲ್ಲ. "ಮೇಣದಬತ್ತಿ ಪಾಠ ನೆನಪೈತೇನು?" ಎಂದು ಕೇಳಿದರು. "ಐತ್ರಿ ಸರ್" ಅಂದೆ. "ಹಂಗಾದ್ರ ಮಂದಿನ್ನ ಹತ್ರ ಕರಿ" ಅಂದರು. ಗಂಡಸರು ಎದ್ದು ಬಂದು ಅವರ ಸುತ್ತ ಕುಳಿತರು. ಗುರುಗಳು ಮುಕ್ಕಾಲು ತಾಸು ಹಾಡಿದರು. ಆ ವಯಸ್ಸಿನಲ್ಲಿ, ಆ ಗಂಟಲಿನಲ್ಲಿ, ಅದಕ್ಕಿಂತ ಹೆಚ್ಚು ಆಗಲಿಲ್ಲ. ಹುಡುಗ ಅಡಾಪ್ಟರ್ ಹಿಡಿದು ಬರುವ ಹೊತ್ತಿಗೆ ಮಂಗಳಾರತಿ ಆಗುತ್ತಿತ್ತು.

ಹಿಂದೆ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕುಳಿತಿದ್ದರು. ಗಂಡಸರ ನಡುವೆ ಮುಂದೆ ಬಂದು ಕೂರಲು ಅವರು ಸಂಕೋಚಪಟ್ಟಿದ್ದರು. ನಾನು ವೈರ್ ಸುತ್ತುತ್ತಿರುವಾಗ ಅವರಲ್ಲೊಬ್ಬ ಮುದುಕಿ ನನ್ನ ಹತ್ತಿರ ಬಂದು ನಿಂತಳು. "ಮಾಸ್ತರರ ಬಾಯಿ ಆಡಿದ್ದು ಕಂಡ್ತಪಾ. ಪದ ಕೇಳಲಿಲ್ಲ" ಅಂದಳು. ಅಷ್ಟೇ ಅಂದು ಹೋದಳು.

ಮುಂದಿನ ಯುಗಾದಿಗೆ ಗುರುಗಳು ಇರಲಿಲ್ಲ. ಅವರ ದನಿಯ ಕ್ಯಾಸೆಟ್ ಒಂದೂ ಇಲ್ಲ. ಅದನ್ನು ತುಂಬಿಸುವುದು ನನ್ನ ಕೈಯಲ್ಲಿತ್ತು.

ಅವರು ತೀರಿಕೊಳ್ಳುವ ಮುಂಚೆ ಒಮ್ಮೆ ಮನೆಗೆ ಹೋಗಿ ಕ್ಷಮೆ ಕೇಳಿದ್ದೆ. "ಪ್ರಯೋಗ ತಪ್ಪಿದ್ರ ಅಳಬಾರದು, ವಹಿಯಾಗ ಬರದಿಡಬೇಕು" ಅಂದರು. ಮನೆಗೆ ಬಂದು ಒಂದು ಹಾಳೆಯ ಮೇಲೆ 'ಬೇಕಾಗುವ ಸಾಮಗ್ರಿಗಳು' ಎಂದು ತಲೆಬರಹ ಹಾಕಿದೆ. ಅದರ ಕೆಳಗೆ ಒಂದನೇ ನಂಬರಿನಲ್ಲಿ 'ಮಿಕ್ಸರ್ ಅಡಾಪ್ಟರ್' ಎಂದು ಬರೆದೆ. ಎರಡನೇ ನಂಬರಿನಲ್ಲಿ 'ಇನ್ನೊಂದು ಮಿಕ್ಸರ್ ಅಡಾಪ್ಟರ್' ಎಂದು ಬರೆದೆ. ಆ ಹಾಳೆ ಇವತ್ತಿಗೂ ನನ್ನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿದೆ. ಹಳೆಯದಾದಾಗ ಹೊಸ ಹಾಳೆಗೆ ಇಳಿಸಿಕೊಂಡಿದ್ದೇನೆ, ಆ ಎರಡು ಸಾಲು ಮಾತ್ರ ಅದೇ ಜಾಗದಲ್ಲಿವೆ.

ಇಷ್ಟು ವರ್ಷಗಳಲ್ಲಿ ಆ ಪಟ್ಟಿಯ ಕೆಳಗೆ ಏನೇನು ಸೇರಿತು ಎಂದು ಹೇಳುತ್ತೇನೆ. ಮಕ್ಕಳು ಗಮನವಿಟ್ಟು ಕೇಳಬೇಕು.

ಮೊದಲನೆಯದು, ಪೆಟ್ಟಿಗೆ ಕಟ್ಟುವ ಕೆಲಸ ಕಾರ್ಯಕ್ರಮದ ಹಿಂದಿನ ದಿನದ್ದು. ಅದಕ್ಕೂ ಮುಂಚೆ ಹಾಡುವವರಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಬೇಕು. ಎಷ್ಟು ಮಂದಿ? ಯಾವ ಯಾವ ವಾದ್ಯ? ಕುಳಿತು ಹಾಡುತ್ತೀರೋ ನಿಂತೋ? ಬಯಲೋ ಗುಡಿಯ ಒಳಗೋ? ಕುಳಿತು ಹಾರ್ಮೋನಿಯಂ ಬಾರಿಸುವವರ ಮುಂದೆ ಎತ್ತರದ ಸ್ಟ್ಯಾಂಡ್ ಇಟ್ಟರೆ ಅದು ಜನರಿಗೂ ಅವರಿಗೂ ನಡುವೆ ಕಂಬದಂತೆ ನಿಲ್ಲುತ್ತದೆ. ಅದಕ್ಕೆ ಗಿಡ್ಡ ಸ್ಟ್ಯಾಂಡೇ ಬೇಕು. ಬಯಲಾದರೆ ಶ್ರಾವಣದ ಗಾಳಿಗೆ ಮೈಕ್ ಬುಸುಗುಡುತ್ತದೆ, ಸ್ಪಂಜಿನ ಟೋಪಿ ಬೇಕು. ಕೇಳಿದರೆ ಒಂದು ನಿಮಿಷದ ಮಾತು. ಕೇಳದಿದ್ದರೆ ರಾತ್ರಿಯೆಲ್ಲ ಒದ್ದಾಟ.

ಎರಡನೆಯದು ಮೈಕು. ಭಜನೆಗೆ ನಾನು ಒಯ್ಯುವುದು ಹೆಚ್ಚಾಗಿ ಡೈನಾಮಿಕ್ ಮೈಕ್. ಅಮೆರಿಕದ ಶೂರ್ ಕಂಪನಿ 1966ರಲ್ಲಿ ಹೊರತಂದ ಎಸ್‌ಎಂ 58 ಎನ್ನುವ ಮೈಕನ್ನು ಇವತ್ತಿಗೂ ಜಗತ್ತಿನ ತುಂಬ ಹಾಡುಗಾರರು ಹಿಡಿಯುತ್ತಾರೆ. ಕೈಜಾರಿ ಬಿದ್ದರೂ, ಧೂಳು ಕುಡಿದರೂ ಸುಲಭಕ್ಕೆ ಕೆಡುವುದಿಲ್ಲ ಎನ್ನುವುದೇ ಅದಕ್ಕೆ ಕಾರಣ. ಅದು ಎದುರಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ಕಡಿಮೆ ಹಿಡಿಯುತ್ತದೆ. ಆದ್ದರಿಂದ ಸ್ಪೀಕರಿಗೆ ಮೈಕಿನ ಬೆನ್ನು ತೋರಿಸಬೇಕು. ಎದುರು ತೋರಿಸಿದರೆ ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು ಕುಂಯ್ ಎಂದು ಕೂಗುತ್ತದೆ. ಕಂಡೆನ್ಸರ್ ಮೈಕ್ ತುಂಬ ಸೂಕ್ಷ್ಮ, ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ವಿದ್ಯುತ್ತೂ ಬೇಕು. ಗುಡಿಯ ಒಳಗೆ ಒಬ್ಬರೇ ಹಾಡುವುದಾದರೆ ಅದರಷ್ಟು ಚೆಂದ ಇನ್ನೊಂದಿಲ್ಲ. ಜಾತ್ರೆಯ ಬಯಲಿನಲ್ಲಿ ಮಾತ್ರ ಅದು ದೂರದ ನಾಯಿ ಬೊಗಳುವುದನ್ನೂ ತಂದು ಹಾಕುತ್ತದೆ.

ಹಾಡುವವರ ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರ. ತಬಲಾಕ್ಕೆ ಒಂದು ಗೇಣು ಮೇಲೆ. ಹಾರ್ಮೋನಿಯಂಗೆ ತಿದಿಯ ಕಡೆ ಇಡಬಾರದು, ಹಾಡಿಗಿಂತ ಉಸಿರಾಟವೇ ಜಾಸ್ತಿ ಕೇಳುತ್ತದೆ. ಏಕತಾರಿಯ ಬುರುಡೆಯ ಹತ್ತಿರ ಅದಕ್ಕೇ ಬೇರೆ ಒಂದು ಮೈಕ್ ಇಡಬೇಕು. ಮಿಕ್ಸರಿನಲ್ಲಿ ನಾನು ಮೊದಲು ತೆರೆಯುವುದು ಏಕತಾರಿಯನ್ನು. ಅದು ಕೊನೆಯ ಸಾಲಿಗೆ ಕೇಳುವಂತಾದ ಮೇಲೆ ಹಾಡುವವರ ದನಿ, ಆಮೇಲೆ ಹಾರ್ಮೋನಿಯಂ, ಆಮೇಲೆ ತಬಲಾ. ತಾಳ, ದಮ್ಮಡಿಗೆ ಎಷ್ಟೋ ಸಲ ಮೈಕೇ ಬೇಡ, ಅವು ತಾವಾಗಿಯೇ ಕೇಳುತ್ತವೆ. ಎಲ್ಲಕ್ಕಿಂತ ಸಣ್ಣ ದನಿ ಯಾವುದೋ ಅದರಿಂದ ಲೆಕ್ಕ ಶುರು ಮಾಡಬೇಕು. ಪೆಟ್ಟಿಗೆ ಕಟ್ಟುವಾಗಲೂ ಅಷ್ಟೇ. "ಇವತ್ತು ಅಲ್ಲಿ ಅತಿ ಸಣ್ಣ ದನಿ ಯಾರದು? ಅವರಿಗೆ ಬೇಕಾದದ್ದು ಒಳಗೆ ಬಂತೇ?" ಎಂದು ಮೊದಲು ಕೇಳಿಕೊಳ್ಳುತ್ತೇನೆ. ದೊಡ್ಡ ದನಿಯವರು ಹೇಗಾದರೂ ಬದುಕಿಕೊಳ್ಳುತ್ತಾರೆ.

ಮೂರನೆಯದು ಕೇಬಲ್. ಅಂಗಡಿಯಲ್ಲಿ ನಾನು ಮೊದಮೊದಲು ಮೊಣಕೈಗೂ ಹೆಬ್ಬೆರಳಿಗೂ ನಡುವೆ ಹಗ್ಗ ಸುತ್ತಿದ ಹಾಗೆ ವೈರ್ ಸುತ್ತುತ್ತಿದ್ದೆ. ಅಪ್ಪ ಒಮ್ಮೆ ನೋಡಿ, "ಹಂಗ ಸುತ್ತಿದ್ರ ಪ್ರತಿ ಸುತ್ತಿಗೂ ಒಂದು ತಿರುವು ಬೀಳ್ತೈತಲೋ. ನೂಲಿಗೆ ಹಂಗ ಮಾಡಿದ್ರ ಸಿಕ್ಕು ಬಿಡಸೂದ್ರಾಗ ಹೊತ್ತು ಹೊಕ್ಕೈತಿ, ನೇಯೂದು ಯಾವಾಗ?" ಅಂದ. ಅವನು ತೋರಿಸಿದಂತೆ ಒಂದು ಸುತ್ತು ನೇರ, ಇನ್ನೊಂದು ಸುತ್ತು ಕೈ ತಿರುವಿ ಒಳಮುಖವಾಗಿ ಸುತ್ತತೊಡಗಿದೆ. ಒಂದರ ತಿರುವನ್ನು ಇನ್ನೊಂದು ಕಳೆಯುತ್ತದೆ. ತುದಿ ಹಿಡಿದು ಎಸೆದರೆ ಇಪ್ಪತ್ತು ಮೀಟರ್ ಕೇಬಲ್ ಸಿಕ್ಕಿಲ್ಲದೆ ನೇರವಾಗಿ ಬಿಚ್ಚಿಕೊಳ್ಳುತ್ತದೆ, ಒಳಗಿನ ತಾಮ್ರದ ಎಳೆಯೂ ಮುರಿಯುವುದಿಲ್ಲ. ಬಹಳ ವರ್ಷ ಕಳೆದ ಮೇಲೆ ಗೊತ್ತಾಯಿತು, ಬೇರೆ ದೇಶಗಳ ದೊಡ್ಡ ದೊಡ್ಡ ಸೌಂಡ್ ಇಂಜಿನಿಯರುಗಳೂ ಹೀಗೆಯೇ ಸುತ್ತುತ್ತಾರಂತೆ. ಅಪ್ಪ ಅವರ್ಯಾರನ್ನೂ ಕಂಡವನಲ್ಲ, ಅವನಿಗೆ ನೂಲು ಗೊತ್ತಿತ್ತು.

ಸುತ್ತಿದ ಕೇಬಲ್ ಕಟ್ಟಲು ಅವ್ವ ಹರಿದ ಇಳಕಲ್ ಸೀರೆಗಳ ದಡಿ ಕತ್ತರಿಸಿ ಪಟ್ಟಿ ಮಾಡಿಕೊಟ್ಟಿದ್ದಳು. ಚಿಕ್ಕಿ ದಡಿ ಕಟ್ಟಿದ್ದು ಐದು ಮೀಟರ್, ಗೋಮಿ ದಡಿ ಕಟ್ಟಿದ್ದು ಹತ್ತು ಮೀಟರ್, ಗಾಯತ್ರಿ ದಡಿ ಕಟ್ಟಿದ್ದು ಇಪ್ಪತ್ತು ಮೀಟರ್. ಅರೆಗತ್ತಲೆಯಲ್ಲೂ ಕೈಯಿಂದ ಮುಟ್ಟಿ ಯಾವುದು ಎಷ್ಟು ಉದ್ದ ಎಂದು ಹೇಳಬಹುದು. ಕೆಟ್ಟ ಕೇಬಲ್ಲಿನ ತುದಿಗೆ ಒಂದು ಗಂಟು ಹಾಕುತ್ತೇವೆ. ಗಂಟು ಕಂಡರೆ ಅದನ್ನು ಯಾರೂ ಚುಚ್ಚಬಾರದು, ಮನೆಗೆ ಹೋಗಿ ಬೆಸುಗೆ ಹಾಕಿದ ಮೇಲೆ ಮಾತ್ರ ಗಂಟು ಬಿಚ್ಚಬೇಕು. "ನೋಡೋಣ, ಇವತ್ತು ನಡೆದೀತು" ಎಂದು ಕೆಟ್ಟ ಕೇಬಲ್ಲನ್ನು ಒಳ್ಳೆಯದರ ಜೊತೆ ಸೇರಿಸಿದವನಿಗೆ ಅದು ನಡುರಾತ್ರಿಯಲ್ಲೇ ಕೈಕೊಡುತ್ತದೆ.

ನಾಲ್ಕನೆಯದು ವಿದ್ಯುತ್ತು. ಮನೆಗೆ ಬರಬೇಕಾದದ್ದು 230 ವೋಲ್ಟ್. ಊರ ತುದಿಯ ಗುಡಿಯಲ್ಲಿ, ಸಂಜೆ ಎಲ್ಲರ ಮನೆ ದೀಪ ಹತ್ತಿದಾಗ ಅಷ್ಟು ಇರುವುದಿಲ್ಲ. ಆದ್ದರಿಂದ ಮೀಟರ್ ಹಚ್ಚಿ ನೋಡದೆ ನಾನು ಯಾವ ಸ್ವಿಚ್ಚನ್ನೂ ಒತ್ತುವುದಿಲ್ಲ. ಪೆಟ್ಟಿಗೆಯಲ್ಲಿ ಮೀಟರ್, ಟೆಸ್ಟರ್, ಸ್ಟೆಬಿಲೈಸರ್, ಬೇರೆ ಬೇರೆ ಅಳತೆಯ ಫ್ಯೂಸ್, ಟಾರ್ಚ್, ಟೇಪು ಇರಲೇಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲು ಅರ್ಥಿಂಗಿನದು. ಸಾಕೆಟ್ಟಿಗೆ ಹೋಗುವುದಿಲ್ಲ ಎಂದೋ, ಸ್ಪೀಕರಿನಲ್ಲಿ ಹುಂ ಎಂದು ಸದ್ದು ಬರುತ್ತದೆ ಎಂದೋ ಕೆಲವರು ಆ ಕಾಲನ್ನು ಕತ್ತರಿಸುತ್ತಾರೆ. ದಯವಿಟ್ಟು ಮಾಡಬೇಡಿ. ಸಾಮಾನಿನೊಳಗೆ ಕರೆಂಟ್ ಸೋರಿದರೆ ಅದು ನೆಲಕ್ಕೆ ಹೋಗುವ ದಾರಿ ಅದೊಂದೇ. ಆ ದಾರಿ ಮುಚ್ಚಿದರೆ ಮೈಕಿನ ಜಾಳಿಗೆಗೆ ತುಟಿ ತಾಗಿಸಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತ ಹಾಡುಗಾರನ ಮೈಯೇ ದಾರಿಯಾಗುತ್ತದೆ. ಹಾಡಲು ಬಂದವರನ್ನು ಜೀವಂತವಾಗಿ ಮನೆಗೆ ಕಳಿಸುವುದು ಮೈಕಿನವನ ಮೊದಲ ಕರ್ತವ್ಯ.

ಐದನೆಯದು ತುಂಬುವ ಕ್ರಮ. ಭಾರದ ಸ್ಪೀಕರ್ ಕೆಳಗೆ, ಗಾಡಿಯ ಮುಂಭಾಗಕ್ಕೆ ಒತ್ತಿ, ಮುಖ ಒಳಗೆ ಮಾಡಿ. ಮಿಕ್ಸರಿನ ಮೇಲೆ ಏನನ್ನೂ ಹೇರಬಾರದು. ಎಲ್ಲದಕ್ಕೂ ಅವ್ವ ಹೊಲಿದ ಕೌದಿ. ಪೇಟೆಯಲ್ಲಿ ಸಿಗುವ ದುಬಾರಿ ಕವರಿಗಿಂತ ಹಳೆಯ ಸೀರೆ, ಧೋತರ ಸೇರಿಸಿ ಹೊಲಿದ ಕೌದಿ ಕುಲುಕಾಟವನ್ನೂ ತಡೆಯುತ್ತದೆ, ನಮ್ಮ ಊರಿನ ಗ್ರಾನೈಟಿನ ಧೂಳನ್ನೂ ತಡೆಯುತ್ತದೆ. ತಿಂಗಳಿಗೊಮ್ಮೆ ಒಗೆಯಬಹುದು. ಊರು ಮುಟ್ಟಿದೊಡನೆ ಮೊದಲು ಏನು ಬೇಕೋ ಅದನ್ನು ಕೊನೆಗೆ ತುಂಬಬೇಕು. ಮೊದಲು ಬೇಕಾಗುವುದು ಟಾರ್ಚ್, ಮೀಟರ್, ಎಕ್ಸ್‌ಟೆನ್ಷನ್ ಬೋರ್ಡ್. ಅವು ಸ್ಪೀಕರಿನ ಅಡಿಗೆ ಸಿಕ್ಕರೆ ಕತ್ತಲಲ್ಲಿ ಇಡೀ ಗಾಡಿ ಇಳಿಸಬೇಕಾಗುತ್ತದೆ.

ಆರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಪಟ್ಟಿಯನ್ನು ಹೋಗುವಾಗ ಒಮ್ಮೆ ಓದುತ್ತೇವೆ, ಬರುವಾಗ ಎರಡು ಸಲ ಓದಬೇಕು. ನನ್ನ ಗುರುಗಳ ಕಾರ್ಯಕ್ರಮ ಕೆಟ್ಟದ್ದು ಆ ಊರಿನಲ್ಲಿ ಅಲ್ಲವೇ ಅಲ್ಲ, ಮಧ್ಯಾಹ್ನವೇ ಇಳಕಲ್ಲಿನ ಹಾಲಿನಲ್ಲಿ ಕೆಟ್ಟಿತ್ತು. ಕಾರ್ಯಕ್ರಮ ಮುಗಿದಾಗ ಹಸಿವು, ನಿದ್ದೆ, ದಣಿವು. ಊಟಕ್ಕೆ ಕರೆಯುತ್ತಾರೆ, ಕರೆಂಟ್ ಹೋಗುತ್ತದೆ. ಆ ಹೊತ್ತಿನಲ್ಲೇ ಸಾಮಾನು ಕಳೆಯುತ್ತದೆ. ನಾವೀಗ ಒಬ್ಬ ಓದುತ್ತೇವೆ, ಒಬ್ಬ ಮುಟ್ಟಿ "ಐತಿ" ಅನ್ನುತ್ತೇವೆ. ನೋಡಿ "ಐತಿ" ಅನ್ನುವಂತಿಲ್ಲ, ಕೈಯಿಂದ ಮುಟ್ಟಲೇಬೇಕು. ಪೆಟ್ಟಿಗೆ ಮುಚ್ಚಿದ ಮೇಲೆ ಒಬ್ಬ ಟಾರ್ಚ್ ಹಿಡಿದು ಗೋಡೆಯ ಸಾಕೆಟ್ಟುಗಳನ್ನೆಲ್ಲ ನೋಡಿ ಬರಬೇಕು. ಆ ಕೆಲಸ ನಾನು ಇನ್ನೊಬ್ಬರಿಗೆ ಬಿಟ್ಟಿಲ್ಲ.

ಇನ್ನೊಂದು ಮಾತು, ಏನನ್ನು ಒಯ್ಯಬಾರದು ಎನ್ನುವುದರ ಬಗ್ಗೆ. ನಮ್ಮ ಊರಿನ ಶ್ರೀಮಠದ ಡಾ. ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟದ್ದು ನಿಮಗೆಲ್ಲ ಗೊತ್ತಿದೆ. ಕಾಳು ಬೇಡಲಿಲ್ಲ, ಹಣ ಬೇಡಲಿಲ್ಲ, "ನಿಮ್ಮ ದುಶ್ಚಟ ಹಾಕಿರಿ" ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ನಾಡಿಗೆಲ್ಲ ವ್ಯಸನಮುಕ್ತ ದಿನ. ಜೋಳಿಗೆಯಲ್ಲಿ ಹಾಕಿದ ಚಟವನ್ನು ವಾಪಸ್ ಮನೆಗೆ ಒಯ್ಯುವಂತಿಲ್ಲ. ನನಗೆ ಬೀಡಿ, ಕುಡಿತದ ಚಟ ಇರಲಿಲ್ಲ. ದನಿ ಏರಿಸುವ ಚಟ ಇತ್ತು. ಐವತ್ತು ಜನರ ಭಜನೆಗೂ ಆಳೆತ್ತರದ ಬಾಕ್ಸ್ ನಾಲ್ಕು ಒಯ್ಯುತ್ತಿದ್ದೆ. ಜನ "ಭಾರಿ ಸೆಟ್ ಐತಿ" ಅಂದರೆ ಎದೆ ಉಬ್ಬುತ್ತಿತ್ತು. ಗುರುಗಳು ಹೋದ ಮೇಲೆ ಆ ಚಟವನ್ನು ಮನಸ್ಸಿನಲ್ಲೇ ಆ ಜೋಳಿಗೆಗೆ ಹಾಕಿದೆ. ಈಗ ಭಜನೆಗೆ ಎರಡು ಸಣ್ಣ ಸ್ಪೀಕರ್, ಆರು ಮೈಕ್, ಒಂದು ಮಿಕ್ಸರ್, ಅಷ್ಟೇ. ಗಾಡಿ ಹಗುರ, ಕೆಲಸ ಹಗುರ, ಹಾಡು ಕೂಡ ಹಾಡಿನಂತೆ ಕೇಳುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷದಲ್ಲಿ ಹದಿನೈದು ದಿನ ಮೀರದಂತೆ ಹಬ್ಬ ಉತ್ಸವಗಳಿಗೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಶಾಲೆ, ಆಸ್ಪತ್ರೆ, ಕೋರ್ಟುಗಳ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯ ಮಾಡಲು ಅವಕಾಶವಿದೆ. ಡಿಜೆ ಹಚ್ಚುವ ನಮ್ಮ ಹುಡುಗರಿಗೆ ನಾನು ಬೈಯುವುದಿಲ್ಲ, ಅವರದೂ ಹೊಟ್ಟೆಪಾಡು. ಆದರೆ ಒಂದು ಮಾತು ಕೇಳುತ್ತೇನೆ. ಎದೆಗೂಡು ನಡುಗುವಷ್ಟು ಹಚ್ಚಿದ ಮೇಲೆ ಕಟ್ಟೆಯ ಮೇಲೆ ಕುಳಿತ ಮುದುಕಿಗೆ ಪದ ಕೇಳಿತೇ? ಅವತ್ತು ಮೈಕಿಲ್ಲದೆ ಕೇಳಲಿಲ್ಲ, ಇವತ್ತು ಮೈಕ್ ಹೆಚ್ಚಾಗಿ ಕೇಳುತ್ತಿಲ್ಲ. ಆಕೆಗೆ ಎರಡೂ ಒಂದೇ.

ಗುರುಗಳು ಹೋದ ಮೇಲೆ ಇನ್ನೊಂದು ನಿಯಮ ಮಾಡಿಕೊಂಡೆ. ಹಾಡುವವರು ಒಪ್ಪಿದರೆ ಪ್ರತಿ ಭಜನೆಯನ್ನೂ, ಪ್ರತಿ ತತ್ವಪದವನ್ನೂ ಮುದ್ರಿಸಿಡುತ್ತೇನೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಹಾಡಿದವರ ಮನೆಗೆ ಒಂದು ಪ್ರತಿ ಕೊಡುತ್ತೇನೆ. ಅವರಲ್ಲಿ ಎಷ್ಟೋ ಜನ ಈಗಿಲ್ಲ. ಮನೆಯವರು ವರ್ಷದ ದಿನ ಅದನ್ನು ಹಚ್ಚಿ ಕೇಳುತ್ತಾರೆ. ಅಂಥ ಮನೆಯ ಮುಂದೆ ಹಾದುಹೋಗುವಾಗ ಒಮ್ಮೊಮ್ಮೆ ನನ್ನ ಕಿವಿಗೂ ಬೀಳುತ್ತದೆ. ಆಗ ನಿಂತು ಕೇಳಿ ಮುಂದೆ ಹೋಗುತ್ತೇನೆ.

ಕೊನೆಯ ಮಾತು. ಈ ಸುವರ್ಣ ಮಹೋತ್ಸವಕ್ಕೆ ನನ್ನ ಕೈಲಾದ ಕಾಣಿಕೆ ಒಂದು ತಂದಿದ್ದೇನೆ. ಅಗೋ ಅಲ್ಲಿ ಮೆಟ್ಟಿಲ ಹತ್ತಿರ ಇರುವ ಹಸಿರು ಪೆಟ್ಟಿಗೆ. ಅದರಲ್ಲಿ ಮೂರು ಮೈಕ್, ಎರಡು ಗಿಡ್ಡ ಸ್ಟ್ಯಾಂಡ್, ಒಂದು ಎತ್ತರದ ಸ್ಟ್ಯಾಂಡ್, ಸಣ್ಣ ಮಿಕ್ಸರ್, ಒಂದು ಸ್ಪೀಕರ್, ದಡಿ ಕಟ್ಟಿದ ಕೇಬಲ್, ಮೀಟರ್ ಇವೆ. ಅಡಾಪ್ಟರ್ ಎರಡಿವೆ. ಕೌದಿ ನನ್ನ ಹೆಂಡತಿ ಹೊಲಿದದ್ದು, ಅವ್ವನಿಂದ ಕಲಿತಿದ್ದಾಳೆ. ನಾಳೆಯಿಂದ ಪ್ರಾರ್ಥನೆಗೆ ಇದನ್ನು ಬಳಸಬೇಕು.

ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಪೆಟ್ಟಿಗೆಯನ್ನು ಆಫೀಸ್ ಕೋಣೆಯ ಕಪಾಟಿನಲ್ಲಿ ಇಟ್ಟು ಬೀಗ ಹಾಕಬೇಡಿ ಸರ್. ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಕೊಡಿ. ಹುಡುಗರಿಗಷ್ಟೇ ಅಲ್ಲ, ಹೆಣ್ಣುಮಕ್ಕಳಿಗೂ ಕೊಡಿ. ಅವರೇ ಬಿಚ್ಚಲಿ, ಅವರೇ ಕಟ್ಟಲಿ. ಪ್ಲಗ್ ಚುಚ್ಚುವಾಗ ಮಾತ್ರ ಶಿಕ್ಷಕರೊಬ್ಬರು ಹತ್ತಿರ ಇರಲಿ. ಒಂದು ವೈರ್ ಕೆಡಲಿ, ಚಿಂತೆಯಿಲ್ಲ. ನಾನು ಬಂದು ಬೆಸುಗೆ ಹಾಕಿಕೊಡುತ್ತೇನೆ, ಹೇಗೆ ಹಾಕುವುದು ಎಂದು ಅವರಿಗೂ ಕಲಿಸುತ್ತೇನೆ. ಮುಚ್ಚಳದ ಒಳಗೆ 'ಬೇಕಾಗುವ ಸಾಮಗ್ರಿಗಳು' ಎಂಬ ಹಾಳೆ ಅಂಟಿಸಿದ್ದೇನೆ. ಅರ್ಧ ಹಾಳೆ ಖಾಲಿ ಬಿಟ್ಟಿದ್ದೇನೆ. ನೀವು ಏನು ಮರೆಯುತ್ತೀರೋ ಅದನ್ನು ಅಲ್ಲಿ ಬರೆಯಿರಿ ಮಕ್ಕಳೇ. ಮರೆತದ್ದಕ್ಕೆ ನಾಚಬೇಡಿ. ಬರೆಯದೆ ಬಿಟ್ಟರೆ ಮಾತ್ರ ನಾಚಬೇಕು.

ಪ್ರಾರ್ಥನೆಗೆ ಮುಂದೆ ನಿಲ್ಲುವ ಹುಡುಗಿಯರಲ್ಲಿ ಯಾರ ದನಿ ಎಲ್ಲಕ್ಕಿಂತ ಸಣ್ಣದೋ, ಮೊದಲ ಮೈಕನ್ನು ಅವಳ ಮುಂದೆ ಇಡಿ. ನನ್ನ ಗುರುಗಳು ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು.

ಹಿಂದೆ ಬೇವಿನ ಮರದ ಕೆಳಗೆ ಕುಳಿತ ತಾಯಂದಿರಿಗೆ ನನ್ನ ಮಾತು ಕೇಳಿಸಿತು ಎಂದು ನಂಬಿದ್ದೇನೆ. ಕೇಳಿಸಿದ್ದರೆ ಕೈ ಎತ್ತಿರಿ. ಸಂತೋಷ ಆಯಿತು.